ಮೇಟ್ರನ್ ಕೇಳಿದ ಹೆಸರು

ರೇನರ್ಸ್ ಲೇನ್, ಲಂಡನ್
24 ಸೆಪ್ಟೆಂಬರ್ 2024

ನಮ್ಮ ಯಜಮಾನರಿಗೆ ವೈದೇಹಿಯ ನಮಸ್ಕಾರಗಳು.

ನೀವು ಆರೋಗ್ಯವಾಗಿದ್ದೀರಿ ತಾನೆ? ಗಾರ್ಗಿಯ ಮನೆಯ ಊಟ ಒಗ್ಗಿದೆಯೇ? ಮಗಳ ಮನೆ ಎಂದು ಸಂಕೋಚಪಟ್ಟುಕೊಂಡು ಅರೆಹೊಟ್ಟೆಯಲ್ಲಿ ಏಳಬೇಡಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀವು ಕಿವಿಗೆ ಮಿಷನ್ ಹಾಕಿಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದೀರಿ. ನಾನು ಕೂಗಿದ್ದು ಇಲ್ಲಿ ಪಕ್ಕದ ಮನೆಯವರಿಗೆ ಕೇಳುತ್ತದೆ, ನಿಮಗೆ ಮಾತ್ರ ಕೇಳುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಪುಟ್ಟು ಈಗ ಚೆನ್ನಾಗಿದ್ದಾನೆ. 'ಈಗ' ಎಂದು ಯಾಕೆ ಬರೆದೆ ಎಂದರೆ ಹೋದ ಗುರುವಾರ ಚೆನ್ನಾಗಿರಲಿಲ್ಲ. ಗಾಬರಿಯಾಗಬೇಡಿ, ಎಲ್ಲವನ್ನೂ ಬರೆಯುತ್ತೇನೆ.

ಅವನ ಶಾಲೆಯ ಚರಿತ್ರೆ ತಿಳಿದುಕೊಂಡು ಬರೆ ಎಂದಿದ್ದಿರಿ. ಮೊಮ್ಮಗ ಹಾಸ್ಟೆಲಿನಲ್ಲಿ ಅತ್ತನೋ ಇಲ್ಲವೋ ಎಂದು ಕೇಳುವ ಮೊದಲು ಶಾಲೆ ಯಾವ ಕಾಲದ್ದು ಎಂದು ಕೇಳುವ ತಾತ ಪ್ರಪಂಚದಲ್ಲಿ ನೀವೊಬ್ಬರೇ ಇರಬೇಕು. ಇರಲಿ, ಚರಿತ್ರೆ ಮೇಷ್ಟ್ರ ಹೆಂಡತಿ ನಾನು, ವಿಚಾರಿಸಿದ್ದೇನೆ. ಆ ಶಾಲೆಯ ಹೆಸರು ನನ್ನ ನಾಲಿಗೆಗೆ ತಿರುಗುವುದಿಲ್ಲ, ಬಿಡಿ. ಕ್ಯಾಥೊಲಿಕರದು. ಶುರುವಾದದ್ದು ಈ ದೇಶದಲ್ಲಿ ಅಲ್ಲವೇ ಅಲ್ಲ, ಸಮುದ್ರದ ಆಚೆ ಫ್ರಾನ್ಸಿನಲ್ಲಿ. ನಾನೂರು ವರ್ಷದ ಹಿಂದೆ ಇಲ್ಲಿನ ದೊರೆಗಳಿಗೆ ಕ್ಯಾಥೊಲಿಕರನ್ನು ಕಂಡರೆ ಆಗುತ್ತಿರಲಿಲ್ಲವಂತೆ. ಅವರು ಇಲ್ಲಿ ಶಾಲೆ ನಡೆಸುವ ಹಾಗಿಲ್ಲ, ಮಕ್ಕಳನ್ನು ಹೊರದೇಶಕ್ಕೆ ಕಳಿಸಿ ಓದಿಸುವ ಹಾಗೂ ಇಲ್ಲ. ಆದರೂ ದೊಡ್ಡ ದೊಡ್ಡ ಮನೆತನದ ಪ್ರಭುಗಳು ತಮ್ಮ ಹುಡುಗರನ್ನು ಮೀನಿನ ದೋಣಿಯಲ್ಲಿ ಅಡಗಿಸಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಸಿಕ್ಕಿಬಿದ್ದರೆ ಮನೆಯವರಿಗೆ ದಂಡ, ಸೆರೆ. ಅದಕ್ಕೇ ದೋಣಿ ಹತ್ತುವ ಮೊದಲು ಹುಡುಗನಿಗೆ ಒಂದು ಸುಳ್ಳು ಹೆಸರು ಕೊಡುವುದು. ಓದು ಮುಗಿಯುವವರೆಗೆ ಅದೇ ಹೆಸರು. ಹೆತ್ತವರಿಗೆ ಕೇಡಾಗದಿರಲಿ ಎಂದು ಎಳೆಯ ಮಕ್ಕಳು ತಮ್ಮ ಹೆಸರನ್ನೇ ನುಂಗಿಕೊಂಡು ಬದುಕುತ್ತಿದ್ದರು.

ಮುಂದೆ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತಲ್ಲ, ಅದು ನಿಮಗೆ ಬಾಯಿಪಾಠ. ಆಗ ಪಾದ್ರಿಗಳು ಹುಡುಗರನ್ನು ಕಟ್ಟಿಕೊಂಡು ಇಲ್ಲಿಗೆ ಓಡಿಬಂದರು. ಅಷ್ಟು ಹೊತ್ತಿಗೆ ಇಲ್ಲಿಯ ಕಾನೂನು ಸಡಿಲವಾಗಿತ್ತು. ಯಾರೋ ಒಬ್ಬ ಪ್ರಭು ಲಂಡನ್ನಿನ ಅಂಚಿನಲ್ಲಿದ್ದ ತನ್ನ ಬಂಗಲೆಯನ್ನು ಬಿಟ್ಟುಕೊಟ್ಟ. ಆಮೇಲೂ ಬಹಳ ಕಾಲ ಪ್ರಭುಗಳ ಮಕ್ಕಳಿಗಷ್ಟೇ ಪ್ರವೇಶ. ನಮ್ಮಲ್ಲಿ ಗೋತ್ರ, ಪ್ರವರ ಕೇಳುವ ಹಾಗೆ ವಂಶಾವಳಿ ಕೇಳುತ್ತಿದ್ದರಂತೆ. ಈಗ ಪ್ರಭುಗಳು ಕಡಿಮೆಯಾಗಿ ಡಾಕ್ಟರುಗಳು ಜಾಸ್ತಿಯಾಗಿರುವುದರಿಂದ ಪರೀಕ್ಷೆ ಪಾಸು ಮಾಡಿದ ಯಾರನ್ನಾದರೂ ಸೇರಿಸಿಕೊಳ್ಳುತ್ತಾರೆ, ಹೆಣ್ಣುಮಕ್ಕಳನ್ನೂ. ಹೀಗೆ ನಮ್ಮ ಪುಟ್ಟುವೂ ಪ್ರಭುವಾದ. ಹನ್ನೊಂದು ವರ್ಷದ ಮಗುವನ್ನು ಯಾಕೆ ದೂರ ಇಡಬೇಕು ಎಂದು ನಾನು ಗೊಣಗಿದರೆ ನಮ್ಮ ಸೊಸೆ ವಿಭಾ, "ಅತ್ತೆ, ನಂಗೆ ಆಗಾಗ ನೈಟ್ ಡ್ಯೂಟಿ, ಮಯೂರ್ ಮನೆಗೆ ಬರೋದೇ ಎಂಟಕ್ಕೆ. ಅಲ್ಲಿ ನೋಡ್ಕೊಳ್ಳೋಕೆ ಜನ ಇರ್ತಾರೆ" ಎಂದಳು. ಅವಳ ಮಾತೂ ಸುಳ್ಳಲ್ಲ.

ಸೇರಿಸಲು ಹೋದ ದಿನ ಉದ್ದನೆಯ ಪಡಸಾಲೆಯಲ್ಲಿ ಹಳೆಯ ಹುಡುಗರ ಚಿತ್ರಗಳನ್ನು ನೋಡಿದೆ. ಕೊರಳಿಗೆ ಲೇಸು, ಸೊಂಟಕ್ಕೆ ಕತ್ತಿ, ಮುಖ ಮಾತ್ರ ಅಮ್ಮನನ್ನು ಹುಡುಕುವ ಮುಖ. ಪ್ರತಿಯೊಂದು ಚಿತ್ರದ ಕೆಳಗೂ ಎರಡೆರಡು ಹೆಸರು. ಹಳೆಯ ಕಾಲದ ನೆನಪಿಗಾಗಿ ಆ ಪದ್ಧತಿಯನ್ನು ಇಂದಿಗೂ ಬಿಟ್ಟಿಲ್ಲ. ಮೊದಲನೆಯ ಭಾನುವಾರ ಹೊಸ ಮಕ್ಕಳೆಲ್ಲ ಒಂದು ಬೆಳ್ಳಿ ಬಟ್ಟಲಿನಿಂದ ಚೀಟಿ ಎತ್ತುತ್ತಾರೆ, ಅದರಲ್ಲಿ ಬಂದ ಹೆಸರಿನಿಂದಲೇ ಹಾಸ್ಟೆಲಿನಲ್ಲಿ ಎಲ್ಲರೂ ಕರೆಯುತ್ತಾರೆ. ನಾವು ಅಷ್ಟರಲ್ಲಿ ಮನೆಗೆ ಬಂದಾಗಿತ್ತು. ಪುಟ್ಟುವಿನ ಪಾಲಿಗೆ ಜೆರಾರ್ಡ್ ಎಂಬ ಹೆಸರು ಬಂದದ್ದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ವಿಭಾ ಆಪರೇಷನ್ ಥಿಯೇಟರಿನಲ್ಲಿ. ಮಯೂರ ಯಾವುದೋ ಮೀಟಿಂಗಿಗೆಂದು ಸ್ಟ್ರಾಟ್‌ಫರ್ಡಿಗೆ ಹೊರಟು ನೆಲದಡಿಯ ಟ್ಯೂಬಿನಲ್ಲಿದ್ದ, ಅಲ್ಲಿ ಫೋನು ಸಿಗುವುದಿಲ್ಲ. ಮನೆಯ ಫೋನು ಹೊಡೆದುಕೊಂಡಿತು. ಒಬ್ಬ ಹೆಂಗಸು ಗಡಿಬಿಡಿಯಲ್ಲಿ, ಜೆರಾರ್ಡ್‌ಗೆ ಹುಷಾರಿಲ್ಲ, ನೀವು ಅವನ ಮನೆಯವರೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಾಪ, ಯಾರ ಮನೆಯ ಮಗುವೋ ಎಂದುಕೊಂಡು, ರಾಂಗ್ ನಂಬರ್ ಎಂದು ಹೇಳಿ ಇಟ್ಟುಬಿಟ್ಟೆ. ಮತ್ತೆ ಹೊಡೆದುಕೊಂಡಿತು. ಈ ಸಲ ಅವಳು ಮೊದಲು ಶಾಲೆಯ ಹೆಸರು ಹೇಳಿದಳು, ತಾನು ಮಕ್ಕಳನ್ನು ನೋಡಿಕೊಳ್ಳುವ ಮೇಟ್ರನ್ ಎಂದಳು. ನಮ್ಮ ಹುಡುಗ ಅಲ್ಲಿದ್ದಾನೆ, ಏನಾಯಿತು ಎಂದು ಕೇಳಿದೆ. ಆದರೆ ಆಗಷ್ಟೇ ನಮ್ಮಲ್ಲಿ ಅಂಥವರು ಯಾರೂ ಇಲ್ಲ ಎಂದವಳು ನಾನೇ ಅಲ್ಲವೇ? ಅವಳಿಗೆ ಅನುಮಾನ. ಯಾರಿಗೋ ಯಾರದೋ ಮಗುವಿನ ವಿಷಯ ಹೇಳುವ ಹಾಗಿಲ್ಲ, ನಿಮ್ಮ ಮೊಮ್ಮಗನ ನಿಜವಾದ ಹೆಸರು ಹೇಳಿ ಎಂದಳು.

ಹೇಗೆ ಹೇಳಲಿ? ಮಯೂರ ಮಗನಿಗೆ ನಿಮ್ಮ ಹೆಸರನ್ನೇ ಇಟ್ಟನಲ್ಲ! ಅದಕ್ಕೇ ತಾನೆ ನಾನು ಅವನನ್ನು ಹುಟ್ಟಿದ ದಿನದಿಂದ ಪುಟ್ಟು ಎನ್ನುತ್ತಿರುವುದು. "ಗಂಡನ ಹೆಸರು ಬಾಯಲ್ಲಿ ಬಂದ್ರೆ ಅವನ ಆಯಸ್ಸು ಕಮ್ಮಿ ಆಗತ್ತೆ ಕಣೇ" ಎಂದು ನಿಮ್ಮ ಅಮ್ಮ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಮದುವೆಯ ದಿನ ಹೊಸಿಲಿನಲ್ಲಿ ಅಡ್ಡಗಟ್ಟಿ ಒಗಟಿನಲ್ಲಿ ಹೇಳಿಸಿದ್ದು ಬಿಟ್ಟರೆ ನಾನು ಆ ಹೆಸರು ಎತ್ತಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಮಯೂರನನ್ನು ಮುಂದೆ ತಳ್ಳುತ್ತಿದ್ದೆ. ದೇವರ ಹಾಡು ಹೇಳುವಾಗ ಕೂಡ ಆ ಬೆಟ್ಟದ ಹೆಸರು ಬಂದಲ್ಲಿ ರಾಗ ಎಳೆದು ದಾಟಿಸುತ್ತೇನೆ. ಹುಟ್ಟಿದ ತಾರೀಖು ಹೇಳಿ ಎಂದಳು. ನನಗೆ ಗೊತ್ತಿದ್ದದ್ದು ಶ್ರಾವಣ ಬಹುಳ ತದಿಗೆ, ಉತ್ತರಾಭಾದ್ರ ನಕ್ಷತ್ರ. ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಲು ಹೊರಟೆ, ಅರ್ಧಕ್ಕೇ ತಪ್ಪಿತು. ಅದು ತಿರುಪತಿಯ ಒಂದು ಬೆಟ್ಟದ ಹೆಸರು ಎಂದೆ. ಆ ಪುಣ್ಯಾತ್ಗಿತ್ತಿಗೆ ತಿರುಪತಿ ಎಲ್ಲಿ ಗೊತ್ತು! ಹಿಂದಿನಿಂದ ಮಗುವಿನ ನರಳಾಟ ಕೇಳಿಸುತ್ತಿತ್ತು. ಅದು ನಮ್ಮದೇ ಎಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಆ ಗಳಿಗೆ ಶತ್ರುವಿಗೂ ಬೇಡ.

ಕೊನೆಗೆ ಹೇಗೋ ಅವಳಿಗೆ ನಂಬಿಕೆ ಬಂತು, ಅದಿರಲಿ. ಹೊಟ್ಟೆನೋವು ಜೋರಾಗಿದೆ, ಆಂಬುಲೆನ್ಸ್ ಬಾಗಿಲಿಗೆ ಬಂದಿದೆ, ಮನೆಯವರ ಜೊತೆ ಮಾತಾಡದೆ ಹತ್ತುವುದಿಲ್ಲ ಎಂದು ಹಟ ಮಾಡುತ್ತಿದ್ದಾನೆ ಎಂದು ಫೋನನ್ನು ಅವನ ಕೈಗೆ ಕೊಟ್ಟಳು. ಯಾವಾಗಲೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ, "ಅಜ್ಜಿ, ತುಂಬಾ ನೋಯ್ತಿದೆ, ನೀನು ಬಾ" ಎಂದ. ನೀನು ಹತ್ತು ಕಂದ, ನಾನು ಬಂದೆ ಎಂದೆ. ಅಪೆಂಡಿಕ್ಸ್ ಅಂತೆ. ಇನ್ನು ತಡಮಾಡಿದ್ದರೆ ಒಡೆದುಹೋಗುತ್ತಿತ್ತು ಎಂದು ವಿಭಾ ಆಮೇಲೆ ಹೇಳಿ ಅತ್ತುಬಿಟ್ಟಳು. ಮಯೂರ ಟ್ಯೂಬಿನಿಂದ ಮೇಲೆ ಬಂದು ನನ್ನ ಕರೆಗಳನ್ನು ನೋಡಿ ಹಾಗೆಯೇ ಆಸ್ಪತ್ರೆಗೆ ಓಡಿದ. ಅಂದೇ ಸಂಜೆ ಆಪರೇಷನ್ ಆಯಿತು. ಈಗ ಮಗು ಸೋಫಾದ ಮೇಲೆ ಮಲಗಿಕೊಂಡು ಸಾರನ್ನ ಬೇಕು, ಹಪ್ಪಳ ಬೇಕು ಎಂದು ದರ್ಬಾರು ಮಾಡುತ್ತಿದೆ. ಅಡಿಗೆಮನೆಯಲ್ಲಿ ಹಪ್ಪಳ ಸುಡಲು ಹೋದರೆ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆ, ಅದು ಇನ್ನೊಂದು ಕಥೆ. ವಾಸಿಯಾದ ಮೇಲೆ ಶಾಲೆಗೆ ವಾಪಸು ಹೋಗುತ್ತಾನಂತೆ, ಸ್ನೇಹಿತರು ಕಾಯುತ್ತಿದ್ದಾರಂತೆ. ನನಗೆ ಕಳಿಸಲು ಮನಸ್ಸಿಲ್ಲ, ಆದರೆ ಅವನಿಗಿದೆ.

ಗಾರ್ಗಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ ತಿಳಿಸಿ. ಪುಟ್ಟು ತಾತನಿಗೆ ನಮಸ್ಕಾರ ಹೇಳು ಎಂದಿದ್ದಾನೆ. ಬಿಸಿನೀರನ್ನೇ ಕುಡಿಯಿರಿ, ಸಂಜೆ ವಾಕಿಂಗಿಗೆ ಒಬ್ಬರೇ ಹೋಗಬೇಡಿ.

ಇಂತಿ ನಿಮ್ಮ,
ವೈದೇಹಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಅಂಟಿಸಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಮೇಟ್ರನ್‌ಗೆ ನಂಬಿಕೆ ಬಂದದ್ದು ನಾನು ನಿಮ್ಮ ಹೆಸರು ಹೇಳಿದ್ದರಿಂದ. ಒಂದು ಸಲವಲ್ಲ, ಅವಳಿಗೆ ಅರ್ಥವಾಗುವವರೆಗೂ ಗಟ್ಟಿಯಾಗಿ, ಮತ್ತೆ ಮತ್ತೆ ಕೂಗಿದೆ. ಅದೂ ಪಕ್ಷಮಾಸದಲ್ಲಿ. ನೀವು ನಗುತ್ತೀರಿ, ಗೊತ್ತು. ನಗಿ. ನನಗೆ ಅಂದಿನಿಂದ ಊಟ ಇಳಿಯುತ್ತಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ವಿಭಾಳ ಜೊತೆ ಕೆಲಸ ಮಾಡುವ ಹೃದಯದ ಡಾಕ್ಟರು ಅಶ್ವತ್ಥನಾರಾಯಣ ಇಂದು ನೀವಿರುವ ಮೈಸೂರಿಗೇ ಹೊರಟಿದ್ದಾರೆ, ಕೆಳಗೆ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಅವರ ಕೈಯಲ್ಲೇ ಕೊಡುತ್ತೇನೆ. ನಿಮ್ಮ ಎದೆ ಪರೀಕ್ಷೆ ಮಾಡಿ ಅಲ್ಲಿಂದಲೇ ನನಗೆ ಫೋನು ಮಾಡಿ ಎಂದು ಕೇಳಿಕೊಂಡಿದ್ದೇನೆ, ಕಾರಣ ಹೇಳಿಲ್ಲ. ನೀವೂ ಹೇಳಬೇಡಿ. ಸುಮ್ಮನೆ ಅಂಗಿಯ ಗುಂಡಿ ಬಿಚ್ಚಿ ಕೂತುಕೊಳ್ಳಿ.