ಗಾಳಿಯಲ್ಲಿ ಕೇಳಿದ ನಿನ್ನ ದನಿ

ತಮ್ಮಾ,

ಜೈಲಿನವರು ಈ ಕಾಗದ ಒಡೆದು ಓದಿಯೇ ನಿನ್ನ ಕೈಗೆ ಕೊಡುತ್ತಾರೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನನ್ನು ಹಿಡಿದುಕೊಟ್ಟವಳು ನಾನೇ. ವಕೀಲರು ಹೇಳಿರುತ್ತಾರೆ, ನನ್ನ ಬಾಯಿಂದಲೂ ಕೇಳು.

ಗಲಭೆಯ ಮೂರನೆಯ ದಿನ ಫೋನುಗಳೆಲ್ಲ ಸತ್ತಿದ್ದವು. ನಮ್ಮ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಘದ ಕಚೇರಿಯಲ್ಲಿ ಕೂತು, ಆಸ್ಪತ್ರೆಗಳಲ್ಲಿ ಬದುಕಿರುವವರ ಹೆಸರುಗಳನ್ನು ಕಾರ್ಯದರ್ಶಿ ಮೇಷ್ಟ್ರು ಓದುತ್ತಿದ್ದರು. ಊರೂರಲ್ಲಿ ಸೆಟ್ಟಿನ ಮುಂದೆ ಕೂತ ನಾವು ಸದಸ್ಯರು ಬರೆದುಕೊಂಡು ಮನೆಮನೆಗೆ ಮುಟ್ಟಿಸುತ್ತಿದ್ದೆವು. ಆ ಮುದುಕ ವೈರಿಗಳಿಗೆ ಸುಳಿವು ಕೊಡುತ್ತಿದ್ದಾನೆಂದು ನಿಮ್ಮ ಗುಂಪಿನ ಕಿವಿ ಊದಿದವರು ಯಾರೋ.

ಬೆಳಗಿನ ಹನ್ನೊಂದಕ್ಕೆ ನನ್ನ ಹೆಡ್‌ಫೋನಿನಲ್ಲಿ ಬಾಗಿಲು ಮುರಿಯಿತು. ಮೇಷ್ಟ್ರು ಕಾಲಡಿಯ ಪೆಡಲ್ ಒತ್ತಿರುವವರೆಗೂ ಆ ಕೋಣೆಯ ಸದ್ದೆಲ್ಲ ನಮಗೆ ಕೇಳುತ್ತದೆ. ಅವರು ಕಾಲು ತೆಗೆಯಲಿಲ್ಲ. ಸಲಾಕೆಗಳು ಮೊದಲು ಕಪಾಟಿನ ಹಳೆಯ ಸೆಟ್ಟುಗಳ ಮೇಲೆ ಬಿದ್ದವು. ಮೇಜಿನ ಕೆಳಗೆ ಚಾಲೂ ಇದ್ದ ಸೆಟ್ಟು ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಸಲಾಕೆ ಬಿದ್ದದ್ದು ಮೇಷ್ಟ್ರ ಬೆರಳುಗಳ ಮೇಲೆ. ಮೂಳೆ ಮುರಿಯುವ ಸದ್ದು ಬಹಳ ಸಣ್ಣದು, ತಮ್ಮಾ. ಯಾರೋ ಬಾಯಿ ಮುಚ್ಚಿಸಿರೋ ಎಂದು ಕೂಗಿದ.

"ಇನ್ನೂ ಒಂಬತ್ತು ಹೆಸರಿದೆ ಮಗೂ," ಎಂದರು ಮೇಷ್ಟ್ರು. "ನಿಮ್ಮ ಮನೆಯೋರೇ ಇರಬಹುದು. ಓದಿ ಮುಗಿಸ್ತೀನಿ, ಆಮೇಲೆ ಹೊಡಿ."

ಎರಡು ಹೆಸರು ಓದಿದರು. ಮೂರನೆಯದಕ್ಕೆ ತಲೆಗೆ ಏಟು ಬಿತ್ತು. ನಾನು ಗಂಟಲು ಹರಿಯುವಂತೆ ಕಿರುಚಿದೆ. ಆ ಕಡೆ ಪೆಡಲ್ ಒತ್ತಿರುವಾಗ ನಮ್ಮ ದನಿ ಅಲ್ಲಿಗೆ ಮುಟ್ಟುವುದಿಲ್ಲ. ದೇಶದ ಉದ್ದಗಲಕ್ಕೂ ಕೂತಿದ್ದ ನಾವು ಒಂದು ಕೊಲೆಯನ್ನು ಕೇಳಿಸಿಕೊಂಡೆವು, ಅಷ್ಟೆ. ಮುಂದಿನದನ್ನು ಕೇಳಲಾರದೆ ನಾನು ಹೆಡ್‌ಫೋನ್ ಕಿತ್ತೆಸೆದೆ. ಉಳಿದ ಹೆಸರುಗಳನ್ನು ಮರುದಿನ ಆಸ್ಪತ್ರೆಗೆ ಹೋಗಿ ತಂದು ನಾನೇ ಓದಿದೆ.

ಸದಸ್ಯರೊಬ್ಬರು ಎಲ್ಲವನ್ನೂ ರೆಕಾರ್ಡ್ ಮಾಡಿದ್ದರು. ಪೊಲೀಸರು ನಮ್ಮನ್ನೆಲ್ಲ ಕರೆಸಿ ಕೇಳಿಸಿದರು. ಅರಚಾಟದಲ್ಲಿ ಎಲ್ಲ ದನಿಯೂ ಒಂದೇ. ಯಾರೂ ಗೊತ್ತಿಲ್ಲ ಎಂದು ನಾನು ಎದ್ದೇಬಿಟ್ಟಿದ್ದೆ. ಇನ್ನೂ ಸ್ವಲ್ಪ ಇದೆ, ಕೂರಿ ಎಂದರು ಅಧಿಕಾರಿ.

ರೆಕಾರ್ಡಿನಲ್ಲಿ ಮೆಟ್ಟಿಲಿಳಿದು ಓಡುವ ಸದ್ದು. ಮೇಷ್ಟ್ರು ಪೆಡಲ್ ಮೇಲೆಯೇ ಕುಸಿದಿದ್ದರು. ಒಬ್ಬ ಮಾತ್ರ ಹಿಂದೆ ಉಳಿದಿದ್ದ. ಅವನು ಸಲಾಕೆಯನ್ನು ಮೆಲ್ಲಗೆ ನೆಲಕ್ಕಿಟ್ಟ.

"ಮೇಷ್ಟ್ರೇ... ಏಳಿ ಮೇಷ್ಟ್ರೇ. ಎದ್ದು ಕೂತ್ಕೊಳ್ಳಿ."

ಹಾಸಿಗೆ ಹಿಡಿದ ಅಪ್ಪನನ್ನು ದಿನಾ ಬೆಳಗ್ಗೆ ನೀನು ಎಬ್ಬಿಸುತ್ತಿದ್ದ ದನಿ. ಅದನ್ನು ಗುರುತಿಸಬಲ್ಲವರು ಭೂಮಿಯ ಮೇಲೆ ಇಬ್ಬರೇ: ಅಮ್ಮ, ನಾನು. ಸುಮ್ಮನಿದ್ದಿದ್ದರೆ ನೀನು ಈಗ ಮನೆಯಲ್ಲಿರುತ್ತಿದ್ದೆ. ಇವನು ನನ್ನ ತಮ್ಮ ಎಂದೆ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ.

"ಹೊಡೆದ ದನಿ ಬಿಟ್ಟು ಎಬ್ಬಿಸಿದ ದನೀನ ಹಿಡಿದುಕೊಟ್ಯಲ್ಲೇ."

ಅಂದಿನಿಂದ ನನ್ನೊಡನೆ ಮಾತಿಲ್ಲ. ನಿನ್ನನ್ನು ಕ್ಷಮಿಸಲಾರೆ, ನನ್ನನ್ನು ಕ್ಷಮಿಸೆಂದೂ ಕೇಳಲಾರೆ.

ಮುಂದಿನ ಶನಿವಾರ ಭೇಟಿಗೆ ಬಿಡುತ್ತಾರಂತೆ. ಬರುತ್ತೇನೆ. ಬೈದರೂ ಸರಿ, ಮಾತಾಡು. ಬದುಕಿರು, ತಮ್ಮಾ. ಸಲಾಕೆ ಕೆಳಗಿಟ್ಟವನಾಗಿಯೇ ಒಂದು ದಿನ ಹೊರಗೆ ಬಾ.

ನಿನ್ನ ಅಕ್ಕ