ಹನ್ನೆರಡನೆಯ ಹೆಸರು

ನವೆಂಬರ್ 9, ಶನಿವಾರ, ಮಧ್ಯಾಹ್ನ

ಇವತ್ತೂ ಮಗಳ ಮ್ಯಾಚಿಗೆ ಟೇಬಲ್ ಡ್ಯೂಟಿ. ಬೇರೆ ತಾಯಂದಿರು ಗಡಿಯಾರ, ಸ್ಕೋರು ನೋಡಿಕೊಳ್ಳುತ್ತಾರೆ. ನನ್ನದು ಲ್ಯಾಪ್‌ಟಾಪ್. ಆಗಸ್ಟ್‌ವರೆಗೂ ಬ್ಯಾಸ್ಕೆಟ್‌ಬಾಲ್ ಎಂದರೆ ಎತ್ತರದವರ ಆಟ ಎಂದಷ್ಟೇ ಗೊತ್ತಿತ್ತು. ಈಗ ಕೋಚ್ ಗ್ರಾನ್ಯಾ ನನ್ನ ಅಂಕಿಅಂಶದ ಶೀಟ್ ನೋಡದೆ ಟೀಮ್ ಹಾಕುವುದಿಲ್ಲ! ನಾನು ಕೆಲಸ ಮಾಡುವ ಸ್ಯಾಂಡಿಫರ್ಡಿನ ಆಫೀಸಿನಲ್ಲಿ ಯಾವ ಮ್ಯಾನೇಜರೂ ನನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಒಬ್ಬ ಹುಡುಗಿ ಕೋರ್ಟಿನಲ್ಲಿದ್ದಷ್ಟು ಹೊತ್ತು ನಮ್ಮ ಟೀಮ್ ಎಷ್ಟು ಪಾಯಿಂಟ್ ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು — ಅದು ಪ್ಲಸ್-ಮೈನಸ್. ಅದಕ್ಕೆ ಅವಳ ಬ್ಯಾಸ್ಕೆಟ್ಟು, ಪಾಸು, ಕಸಿದುಕೊಂಡ ಚೆಂಡು ಎಲ್ಲ ಸೇರಿಸಿ, ತೂಕ ಹಾಕಿ, ಒಬ್ಬೊಬ್ಬರಿಗೆ ಒಂದೇ ಸಂಖ್ಯೆ. ಹದಿಮೂರು ಹುಡುಗಿಯರಲ್ಲಿ ನಮ್ಮ ತನ್ವಿ ಮೂರನೆಯವಳು. ಅವಳ ಜೀವದ ಗೆಳತಿ ಮೆಲಿಶಾ ಕಟ್ಟಕಡೆ. ಇಬ್ಬರೂ ಯಾವಾಗಲೂ ಜೊತೆಗೇ ಕೋರ್ಟಿಗಿಳಿಯುತ್ತಾರೆ, ಪ್ಲಸ್-ಮೈನಸ್ ಹೆಚ್ಚುಕಡಿಮೆ ಒಂದೇ... ಆದರೆ ಮೆಲಿಶಾ ಹೆಸರಿನ ಮುಂದೆ ಪಾಯಿಂಟೇ ಇಲ್ಲ. ನಾನೇನು ಮಾಡಲಿ?

ಮುಂದಿನ ವಾರದಿಂದ ಮೆಲಿಶಾ ಬೆಂಚಿಗೆ.

ನವೆಂಬರ್ 12, ಮಂಗಳವಾರ

ಪ್ರಾಕ್ಟೀಸ್ ಮುಗಿದ ಮೇಲೆ ಮೆಲಿಶಾಳ ಅಮ್ಮ ಸಿಸಿಲಿಯಾ ಪಾರ್ಕಿಂಗ್‌ನಲ್ಲಿ ಹಿಡಿದು ನಿಲ್ಲಿಸಿದರು. ಉಡುಪಿಯವರು. ಆರು ವರ್ಷದ ಸ್ನೇಹ.

“ನನ್ನ ಮಗಳು ಮಾಡುವ ಕೆಲಸ ನಿಮ್ಮ ಶೀಟಿನಲ್ಲಿ ಬರುವುದೇ ಇಲ್ಲ ಮಾರಾಯ್ತಿ. ನೀವು ಆಟ ನೋಡಿದ್ದುಂಟಾ?”

“ಪ್ರತಿ ಮ್ಯಾಚೂ ನಾನೇ ಅಲ್ವಾ ಸಿಸಿಲಿಯಾ ಬರ್ಕೊಳೋದು? ಡೇಟಾ ಅಂದ್ರೆ ಡೇಟಾ. ಅದ್ರಲ್ಲಿ ನಿಮ್ಮಗಳು ನನ್ಮಗಳು ಅಂತ ಇರಲ್ಲ.”

“ಆಯ್ತು” ಎಂದಷ್ಟೇ ಹೇಳಿ ಕಾರು ಹತ್ತಿದರು. ಬೇಜಾರಾಯಿತು. ಆದರೆ ಹೇಳಿದ್ದರಲ್ಲಿ ತಪ್ಪೇನು? ಹೆತ್ತವರ ಮೋಹಕ್ಕೆ ನಾನು ಒಂದು ಕಾಲಮ್ ಹಾಕಲೇ?

ಜನವರಿ 18, ಶನಿವಾರ

ಎರಡು ತಿಂಗಳಿಂದ ಬರೆದಿಲ್ಲ. ಬರೆಯುವಂಥದ್ದೇನೂ ಆಗಲೂ ಇಲ್ಲ. ಇವತ್ತೂ ಸೋಲು, ಸಾಲಾಗಿ ನಾಲ್ಕನೆಯದು. ತನ್ವಿಗೆ ಚೆಂಡು ಸಿಗುವುದೇ ತಡ, ಎದುರಿನವಳು ಮೈಮೇಲೇ ಬಂದಿರುತ್ತಾಳೆ. ಎಂಟು ಶಾಟ್, ಒಂದೂ ಬೀಳಲಿಲ್ಲ. ಕಾರಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಮಾತಾಡಿಸಿದ್ದಕ್ಕೆ “ಐ ಆಮ್ ಗ್ರ್ಯಾಂಡ್.” ಇಲ್ಲಿಯವರ ಮಾತಿನಲ್ಲಿ, ಚೆನ್ನಾಗಿದ್ದೇನೆ ಅಂತ. ಎಲ್ಲಿಯ ಗ್ರ್ಯಾಂಡು, ಕಿಟಕಿ ಕಡೆ ತಿರುಗಿಕೊಂಡಳು.

ಮೂರರಲ್ಲಿದ್ದವಳು ಈಗ ಹನ್ನೆರಡು. ಕಾರ್ಕ್ ಪಟ್ಟಣದ ಟೂರ್ನಮೆಂಟಿಗೆ ಹೋಗುವವರೇ ಹನ್ನೆರಡು ಜನ. ಹದಿಮೂರು ಮೆಲಿಶಾ. ಅವಳು ಎರಡು ವಾರದಿಂದ ಪ್ರಾಕ್ಟೀಸಿಗೇ ಬಂದಿಲ್ಲ. ಸಿಸಿಲಿಯಾ ನನ್ನ ಮೆಸೇಜಿಗೆ ಉತ್ತರ ಕೊಡುವುದು ನಿಲ್ಲಿಸಿ ಎಷ್ಟೋ ದಿನವಾಯಿತು.

ಫೆಬ್ರವರಿ 2, ಭಾನುವಾರ, ಬೆಳಗ್ಗೆ

ಶೀಟ್ ನನ್ನ ಮಗಳಿಗೆ ಅನ್ಯಾಯ ಮಾಡಿದೆ ಎಂದು ತೋರಿಸಲು ಕೂತೆ. ಕಾರಣಗಳು ಪಟಪಟ ಸಿಕ್ಕವು. ಇಷ್ಟು ಕಡಿಮೆ ಮ್ಯಾಚಿನ ಲೆಕ್ಕಕ್ಕೆ ಏನು ಬೆಲೆ? ಎದುರಾಳಿ ಯಾರಿದ್ದರು? ಜೊತೆಗೆ ಯಾರಿದ್ದರು? ಎಲ್ಲ ಸರಿಯಾದ ಪ್ರಶ್ನೆಗಳೇ. ಸಿಸಿಲಿಯಾ ಕೇಳಿದಾಗ ಯಾಕೆ ಹೊಳೆಯಲಿಲ್ಲ? ಆಗ ಬಿದ್ದಿದ್ದು ಅವರ ಮಗಳು.

ಮಧ್ಯಾಹ್ನ 3

ಕ್ಲಬ್ಬಿನ ಅಕ್ಟೋಬರ್ ವಿಡಿಯೋಗಳನ್ನು ಹಾಕಿ ನೋಡಿದೆ. ತನ್ವಿ ಹಾಕಿದ ಮೂವತ್ತೊಂದು ಬ್ಯಾಸ್ಕೆಟ್, ಒಂದೊಂದನ್ನೂ ನಿಲ್ಲಿಸಿ ನಿಲ್ಲಿಸಿ. ಇಪ್ಪತ್ಮೂರರಲ್ಲಿ ಮೆಲಿಶಾ ಇದ್ದಾಳೆ! ಚೆಂಡಿನ ಹತ್ತಿರ ಅಲ್ಲ. ತನ್ವಿಯ ಬೆನ್ನಟ್ಟಿ ಬರುವವಳ ದಾರಿಗೆ ಅಡ್ಡ ನಿಂತಿದ್ದಾಳೆ, ಕಂಬದ ಹಾಗೆ. ಸ್ಕ್ರೀನ್ ಅನ್ನುತ್ತಾರೆ ಅದಕ್ಕೆ. ಆ ಎದುರಾಳಿ ಬಂದು ಅವಳಿಗೆ ಢಿಕ್ಕಿ ಹೊಡೆಯುತ್ತಾಳೆ, ತನ್ವಿ ಆರಾಮಾಗಿ ಶಾಟ್ ಹೊಡೆಯುತ್ತಾಳೆ, ನಾನು ತನ್ವಿ ಹೆಸರಿಗೆ ಎರಡು ಪಾಯಿಂಟ್ ಬರೆಯುತ್ತೇನೆ. ಒಂದು ಕಡೆ ಮೆಲಿಶಾ ಪಕ್ಕೆ ಹಿಡಿದುಕೊಂಡು ಏಳುವುದೂ ಕಾಣುತ್ತದೆ.

ಇಬ್ಬರೂ ಸೇರಿ ಮಾಡಿದ್ದನ್ನು ಒಬ್ಬಳ ಖಾತೆಗೆ ಹಾಕಿ, ಇನ್ನೊಬ್ಬಳನ್ನು ಬೆಂಚಿಗೆ ತಳ್ಳಿದೆ. ಅವಳು ಹೋದ ಮೇಲೆ ಇವಳೂ ಬಿದ್ದಳು. ಯಾವಾಗಲೂ ಜೊತೆಗೇ ಆಡಿದವರನ್ನು ನನ್ನ ಸಂಖ್ಯೆ ಬೇರೆ ಮಾಡಿ ನೋಡಲಾರದು. ಕಾಲೇಜಿನ ಸಂಖ್ಯಾಶಾಸ್ತ್ರದಲ್ಲಿ ಓದಿದ ಪಾಠ ಇದು! ಥೂ.

ತನ್ವಿಯನ್ನು ಕರೆದು ತೋರಿಸಿದೆ. “ಮೊದ್ಲೇ ಹೇಳ್ಬಾರ್ದಿತ್ತೇನೇ?”

“ಐ ಟೋಲ್ಡ್ ಯೂ, ಅಮ್ಮಾ. ಯೂ ವರ್ ಟೈಪಿಂಗ್.”

ಫೆಬ್ರವರಿ 6, ಗುರುವಾರ

ನಾಲ್ಕು ದಿನ ಬಾಯಿ ಬಿಡಲಿಲ್ಲ. ಸುಮ್ಮನಿದ್ದರೆ ಸಾಕು, ತನ್ವಿ ಕಾರ್ಕಿಗೆ ಹೋಗುತ್ತಾಳೆ. ಅವಳು ಹೊಸ ಶೂ ಬೇರೆ ತೆಗೆದಿಟ್ಟುಕೊಂಡಿದ್ದಾಳೆ. ಲುವಾಸ್ ಟ್ರಾಮಿನಲ್ಲಿ ಇಳಿಯುವ ಸ್ಟಾಪ್ ಬಿಟ್ಟು ಮುಂದೆ ಹೋದೆ, ಎರಡು ಸಲ.

ಇವತ್ತು ತಡೆಯಲಾರದೆ ಗ್ರಾನ್ಯಾಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಆಕೆ ಹೇಳಿದ್ದು: ನವೆಂಬರ್‌ನಲ್ಲೇ ನನಗೆ ಹಾಗನ್ನಿಸಿತ್ತು ನೀರಜಾ, ಆದರೆ ನಿನ್ನ ಶೀಟ್ ಅಷ್ಟು ಖಚಿತವಾಗಿತ್ತು, ನನ್ನ ಕಣ್ಣನ್ನೇ ನಂಬಲಿಲ್ಲ. ಈಗ ಹನ್ನೊಂದು ಹೆಸರು ಆಗಿದೆ. ಉಳಿದದ್ದು ಒಂದು. ನಾನಾದರೆ ಮೆಲಿಶಾ ಅನ್ನುತ್ತೇನೆ. ಆದರೆ ಅವಳ ಮನೆಯವರು ನನ್ನ ಫೋನ್ ಎತ್ತುತ್ತಿಲ್ಲ. ಬರುತ್ತಾಳೋ ಕೇಳಿ ತಿಳಿಸು. ಶನಿವಾರ ಆರರೊಳಗೆ ಹೇಳದಿದ್ದರೆ ಶೀಟಿನಲ್ಲಿದ್ದ ಹಾಗೆ ತನ್ವಿ.

ಹೇಳದಿದ್ದರೆ ತನ್ವಿ. ಆ ಮಾತೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿದೆ.

ಫೆಬ್ರವರಿ 8, ಶನಿವಾರ, ಸಂಜೆ 5.40

ಸಿಸಿಲಿಯಾ ಮನೆ ಮುಂದೆ, ಕಾರಿನಲ್ಲಿ. ಈಗಷ್ಟೇ ಅವರನ್ನು ಕಂಡು ಬಂದೆ.

ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. “ಎಂತ? ಈಗ ಶೀಟಿನಲ್ಲಿ ಬಂತಾ ಅವಳ ಹೆಸರು?”

“ಶೀಟಲ್ಲಿ ಬಂದಿಲ್ಲ ಸಿಸಿಲಿಯಾ. ವಿಡಿಯೋ ನೋಡ್ದೆ. ನಂದೇ ತಪ್ಪು. ನಿಮ್ಮತ್ರ ಆ ಥರ ಮಾತಾಡ್ಬಾರ್ದಿತ್ತು.”

ಮೆಲಿಶಾ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಜಾಗ ಒಂದು ಇದೆ, ಬರ್ತೀಯಾ ಎಂದೆ.

“ಈಸ್ ತನ್ವಿ ಗೋಯಿಂಗ್, ಆಂಟಿ?”

ಇಲ್ಲ ಎಂದೆ.

“ದೆನ್ ಹೂ ಆಮ್ ಐ ಸ್ಕ್ರೀನಿಂಗ್ ಫಾರ್?”

ನಿಂತಲ್ಲೇ ಅತ್ತುಬಿಟ್ಟೆ. ಸಿಸಿಲಿಯಾ ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. “ಕಳಿಸ್ತೇನೆ” ಎಂದರು. “ನಿಮಗೋಸ್ಕರ ಅಲ್ಲ. ಅವಳು ದಿನಾ ಹಿತ್ತಿಲಲ್ಲಿ ಒಬ್ಬಳೇ ಚೆಂಡು ಬಡಿಯುವುದನ್ನು ನೋಡಲಿಕ್ಕೆ ನನ್ನಿಂದ ಆಗುವುದಿಲ್ಲ.”

5.53

ಮೆಸೇಜ್ ಕಳಿಸಿದೆ. ಮೆಲಿಶಾ. ಗ್ರಾನ್ಯಾ ಆಗಲೇ ನೋಡಿದ್ದಾರೆ.

ತನ್ವಿಗೆ ಇನ್ನೂ ಹೇಳಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆ ಎಂದೂ ಹೇಳದೆ ಬಂದೆ. ಅವಳ ಜಾಗ, ಅವಳನ್ನು ಒಂದು ಮಾತು ಕೇಳಬಹುದಿತ್ತು. ಈ ಸಲವೂ ಕೇಳಲಿಲ್ಲ.

ಫೋನ್ ಬರುತ್ತಿದೆ. ಅವಳದೇ. ಟೀಮ್ ಲಿಸ್ಟ್ ಗ್ರೂಪಿನಲ್ಲಿ ಬಂದಿರಬೇಕು. ಎತ್ತಿ ಮೊದಲು ಏನು ಹೇಳಲಿ?