ಮೊದಲ ಬುಟ್ಟಿ ಮೇಲಿನ ಹೊಲಕ್ಕೆ

ಮೇ 18, ಭಾನುವಾರ. ಸಂಜೆ

ಕುತ್ತಿಗೆ ಹಿಡಿದುಕೊಂಡಿದೆ. ಬೆಳಿಗ್ಗೆಯಿಂದ ಬುಟ್ಟಿ, ಬುಟ್ಟಿ, ಬುಟ್ಟಿ. ಕೊನೆಯದನ್ನು ಸುರಿದು ತಲೆಯ ಸಿಂಬಿ ತೆಗೆದೆ. ಅಷ್ಟರಲ್ಲಿ ಅಣ್ಣ ಬಂದ. ನೀರು ಬೇಕೇನು ಅಂತ ಕೇಳಲಿಲ್ಲ. ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದ, ಅಂಗಡಿಯಲ್ಲಿ ಬೇಳೆ ನೋಡುವವರ ಹಾಗೆ.

"ನುಣ್ಣನ್ನ ಮಣ್ಣೆಲ್ಲಾ ನಿನ್ನ ಹೊಲದಾಗ ಇಟಗೊಂಡಿ. ನನಗ ಬರೇ ಗರಸು ತಂದು ಹಾಕೀದಿ. ಹೌದಿಲ್ಲೋ?"

ಬುಟ್ಟಿ ಅಲ್ಲೇ ಎಸೆದು ಬಂದೆ.

ಯಾವ ಬಾಯಿಂದ ಬಂತು ಆ ಮಾತು? ಈ ಬೀರನಗಡ್ಡೆಯಲ್ಲೇ ಹುಟ್ಟಿದವನಿಗೆ ಗೊತ್ತಿಲ್ಲವೇ? ಸುತ್ತಲೂ ಕೃಷ್ಣಾ ನದಿ, ನಡುವೆ ಕಡಿದಾದ ಗುಡ್ಡ, ತುದಿಯಲ್ಲಿ ಬೀರಪ್ಪನ ಗುಡಿ. ಗುಡ್ಡದ ಮೈಯೆಲ್ಲ ಶಿಥಿಲ ಬಂಡೆ — ನೋಡಿದರೆ ಕಲ್ಲು, ಹಿಸುಕಿದರೆ ಪುಡಿ, ಪುಡಿಯಲ್ಲಿ ಕಾಗೆಬಂಗಾರದ ಮಿನುಗು. ಅದೇ ಗರಸು. ಅದೇ ಎಷ್ಟೋ ಕಾಲಕ್ಕೆ ನಮ್ಮ ಕೆಂಪು ಮಸಾರಿ ಮಣ್ಣಾಗುತ್ತದೆ. ಕಲ್ಲಿನ ಒಡ್ಡು ಕಟ್ಟಿ ನಿಲ್ಲಿಸಿಕೊಂಡರೆ ಹೊಲ, ಇಲ್ಲದಿದ್ದರೆ ಎಲ್ಲ ನದಿಪಾಲು. ಒಡ್ಡು ಇದ್ದರೂ ಪ್ರತಿ ಮಳೆಗಾಲ ಕಲ್ಲಿನ ಸಂದಿಯಿಂದ ಒಂದಷ್ಟು ಕೆಳಗಿನ ಹೊಲಕ್ಕೆ ಇಳಿಯುತ್ತದೆ. ಅದನ್ನು ಬೇಸಿಗೆಯಲ್ಲಿ ಕೆಳಗಿನವರು ಮೇಲಿನವರಿಗೆ ಹೊತ್ತು ಕೊಡಬೇಕು. ಮೊದಲ ಬುಟ್ಟಿ ಮೇಲಿನ ಹೊಲಕ್ಕೆ. ಗಡ್ಡೆಯ ಕಟ್ಟಳೆ.

ಅಪ್ಪ ಹೋದ ಮೇಲೆ ಮೇಲಿನದು ಕುರುಮಯ್ಯಣ್ಣನಿಗೆ, ಕೆಳಗಿನದು ನನಗೆ ಬಂತು. ಅಂದಿನಿಂದ ಹೊರುತ್ತಿದ್ದೇನೆ. ಕಳ್ಳಿ ಅನ್ನಿಸಿಕೊಳ್ಳಲಿಕ್ಕೆ!

ಮೇ 20

ನಾನು ಕಲಿಸುವ ಅಂಗನವಾಡಿಗೆ ರಜೆ. ಮಕ್ಕಳಿದ್ದಿದ್ದರೆ ಅವರ ಮೇಲಾದರೂ ಕೂಗಾಡಬಹುದಿತ್ತು.

ಅವ್ವನಿಗೆ ಹೇಳಿದೆ. ಅವ್ವ ಅಣ್ಣನ ಮನೆಯಲ್ಲೇ ಇರುವುದು. ಅವನ ಜೋಳ ಆರಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಅವ ಹಂಗಾ ಅಂತಾನ, ಮಲ್ಲೇಶಿ. ನೀ ಮನಸ್ಸಿಗೆ ಹಚ್ಕೋಬ್ಯಾಡ."

ನನ್ನ ಮನಸ್ಸಿಗೆ ಏನನ್ನೂ ಹಚ್ಚಿಕೊಳ್ಳುವ ಹಕ್ಕಿಲ್ಲ. ಅವನಿಗೆ ಏನು ಬೇಕಾದರೂ ಅನ್ನುವ ಹಕ್ಕಿದೆ. ಇದು ನಮ್ಮನೆ ನ್ಯಾಯ.

ಮೇ 26. ಮಧ್ಯಾಹ್ನ

ಹರಗೋಲಿನಲ್ಲಿ ಸಿಮೆಂಟ್ ಚೀಲ ಬಂದವು. ಜೊತೆಗೆ ಮಕ್ತಲ್‌ನಿಂದ ಗಾರೆ ಕೆಲಸದ ಭೀಮಯ್ಯ. ಬೀರಪ್ಪನ ಕಟ್ಟೆಗೇನೋ ಅಂದುಕೊಂಡೆ. ನೋಡಿದರೆ ಒಡ್ಡಿಗೆ!

ನಮ್ಮಿಬ್ಬರ ಹೊಲಗಳ ನಡುವಿನ ಒಡ್ಡು. ಅಪ್ಪ ಒಂದೊಂದು ಕಲ್ಲನ್ನೂ ತಿರುಗಿಸಿ ತಿರುಗಿಸಿ, ಬೇಕಂತಲೇ ಸಂದಿ ಬಿಟ್ಟು ಕಟ್ಟಿದ್ದು. ಆ ಸಂದಿಗಳಿಗೆಲ್ಲ ಸಿಮೆಂಟ್ ಮೆತ್ತುತ್ತಿದ್ದಾರೆ. ಓಡಿಹೋದೆ.

"ಏ ಅಣ್ಣಾ, ಏನಿದು? ನೀರು ಎಲ್ಲಿಂದ ಹೋಗಬೇಕು?"

"ನೀರು ಹೋದರ ಮಣ್ಣೂ ಹೋಗತೈತಿ. ನನ್ನ ಮಣ್ಣು ನನ್ನ ಹೊಲದಾಗ ಇರಲಿ. ನಿನಗೂ ಹೊರೂದು ತಪ್ಪಿತು, ಖುಷಿ ಪಡು."

ಭೀಮಯ್ಯ ಕರಣಿ ಕೆಳಗಿಟ್ಟು, "ನಡುವ ಒಂದೆರಡು ಪೈಪ್ ಇಡೂಣೇನ್ರಿ ಅನ್ನಾ?" ಅಂದ.

"ಬ್ಯಾಡ. ಪೈಪಿನ್ಯಾಗಿಂದ ಹೋಗಲ್ಲೇನು ಮಣ್ಣು?"

"ಸರೇ ಅನ್ನಾ, ಮೀ ಇಷ್ಟಂ," ಅಂತ ತೆಲುಗಿನಲ್ಲಿ ಕೈ ತೊಳೆದುಕೊಂಡು ಭೀಮಯ್ಯ ಮತ್ತೆ ಮೆತ್ತತೊಡಗಿದ.

ನನಗೆ ಮೈ ಉರಿಯಿತು. ಹಾಲು ಕುಡಿಯುವ ವಯಸ್ಸಿನಿಂದ ನೋಡಿದ ಒಡ್ಡು. ಅದರ ಬಾಯಿ ಮುಚ್ಚುವುದು ಅಂದರೆ? ಎಲ್ಲರೂ ಕೇಳುವ ಹಾಗೆ ಕೂಗಿದೆ — ಇನ್ನು ಮೇಲೆ ನಿನ್ನ ಹೊಲಕ್ಕ ಒಂದು ಬುಟ್ಟಿ ಮಣ್ಣು ಹೊತ್ತರ ನಾನು ನಮ್ಮವ್ವ ಬಾಲಮ್ಮನ ಮಗಳೇ ಅಲ್ಲ.

ಅವ್ವ ಅಲ್ಲೇ ಇದ್ದಳು. ಇರಲಿ. ಕೇಳಿಸಿಕೊಳ್ಳಲಿ.

ಮೇ 27

ಕುರಿ ಮೇಯಿಸಲು ಹೋಗಿರುವ ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಇಟಿಕ್ಯಾಲದ ಕಡೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದಾರೆ. ಸಿಗ್ನಲ್ ಸರಿ ಇಲ್ಲ. ಅರ್ಧ ನನ್ನ ಮಾತು, ಅರ್ಧ ಕುರಿಗಳ ಮಾತು. ಎಲ್ಲ ಕೇಳಿ, "ಅಣ್ಣ-ತಂಗಿ ಜಗಳದಾಗ ನಾ ಏನು ಅನ್ನಲಿ, ಬಿಡು" ಅಂದರು.

ಬಿಡು! ಎಲ್ಲರ ಬಾಯಲ್ಲೂ ಅದೊಂದೇ. ಫೋನ್ ಇಟ್ಟುಬಿಟ್ಟೆ.

ಜೂನ್ 5

ಸಿಟ್ಟಿಗೆ ಇನ್ನೊಂದು ಕಾರಣ ಸಿಕ್ಕಿತು. ಒಡ್ಡು ಚೆಂದ ಕಾಣುತ್ತಿದೆ. ನೀರಿಗೆ ಹೋಗುವ ಹೆಂಗಸರೆಲ್ಲ ನಿಂತು ನೋಡಿ, "ಕುರುಮಯ್ಯ ಪಟ್ಟಣದ ಕಂಪೌಂಡ್ ಗೋಡಿ ಕಟ್ಯಾನ ನೋಡ್ರಿ" ಅಂತಾರೆ. ಅವನು ಮೀಸೆ ಸವರುತ್ತಾನೆ. ನಾನು ಶೇಂಗಾ ಸುಲಿಯುತ್ತ ಕೂತಿದ್ದೆ, ಬೀಜಕ್ಕೆ. ಬೆರಳು ಕೆಂಪಾಗುವವರೆಗೆ ಸುಲಿದೆ.

ಜೂನ್ 12

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಹೋಗಿ ನೋಡಿದೆ. ಒಡ್ಡು ಜಿನುಗುತ್ತಲೇ ಇಲ್ಲ! ಹಿಂದೆಲ್ಲ ಒಂದು ಮಳೆ ಬಿದ್ದರೆ ಒಡ್ಡು ಎಷ್ಟೋ ದಿನ ಜಿನುಗುತ್ತಿತ್ತು. ನನ್ನ ಶೇಂಗಾ ಅದನ್ನೇ ಕುಡಿದು ಬೆಳೆಯುತ್ತಿದ್ದದ್ದು. ಈಗ ಹನಿಯೂ ಇಲ್ಲ. ಮೇಲೆ ಹತ್ತಿದರೆ ಅಣ್ಣನ ಹೊಲ ಕೆರೆ. ಪಾದ ಇಟ್ಟಲ್ಲಿ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಅವನು ದಡದಲ್ಲಿ ನಿಂತು ನಗುತ್ತಿದ್ದ.

"ನೋಡಿದ್ಯಾ? ಒಂದು ಹಿಡಿ ಮಣ್ಣು ಹೋಗಿಲ್ಲ."

ತಿರುಗಿ ಇಳಿದುಬಂದೆ. ಮಾತಾಡಿದ್ದರೆ ಕೆಟ್ಟದ್ದೇ ಬರುತ್ತಿತ್ತು.

ಜೂನ್ 16. ಬೆಳಿಗ್ಗೆ

ಒಡ್ಡಿಗೆ ಹೊಟ್ಟೆ ಬಂದಿದೆ. ನಡುವೆ, ನನ್ನ ಕಡೆಗೆ. ಕೈ ಇಟ್ಟು ನೋಡಿದೆ. ತಣ್ಣಗೆ, ಬಿಗಿಯಾಗಿ. ಹಿಂದೆ ನೀರು ಒತ್ತುತ್ತಿದೆ.

ಇದು ಒಡೆದರೆ ಮುಗಿಯಿತು. ಅವನ ಹೊಲ ನನ್ನ ಹೊಲದ ಮೇಲೆ ಬೀಳುತ್ತದೆ, ಎರಡೂ ಸೇರಿ ನದಿಗೆ. ಕೆಳಗೆ ಬರೀ ಬಂಡೆ. ಬಂಡೆ ಮತ್ತೆ ಮಣ್ಣಾಗುವುದನ್ನು ನೋಡಲು ನಾನೂ ಇರುವುದಿಲ್ಲ, ನನ್ನ ಮಕ್ಕಳ ಮಕ್ಕಳೂ ಇರುವುದಿಲ್ಲ.

ಅವ್ವನ ಕೈಲಿ ಹೇಳಿ ಕಳಿಸಿದೆ. ಉತ್ತರ ಬಂತು — ನನಗೆ ಹೊಟ್ಟೆಕಿಚ್ಚಂತೆ.

ಅದೇ ದಿನ. ಸಂಜೆ

ಹಾರೆ ತೆಗೆದುಕೊಂಡು ಹೋದೆ. ನನ್ನ ಕಡೆಯಿಂದ ಸಿಮೆಂಟ್ ಕುಟ್ಟಿದೆ. ಒಂದು ಸಂದಿ ಬಾಯಿ ಬಿಟ್ಟಿತು. ಕೆಂಪು ನೀರು ಸೀದಾ ಮುಖಕ್ಕೆ ಚಿಮ್ಮಿತು. ಎರಡನೆಯದಕ್ಕೆ ಹಾರೆ ಎತ್ತಿದೆ, ಅವನು ಬಂದು ಒಡ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತ. ಸರಿಯಾಗಿ ನಾನು ಕುಟ್ಟುವ ಜಾಗದಲ್ಲಿ.

"ಹೊಡಿ. ನನ್ನ ಕಾಲಿಗೇ ಹೊಡಿ."

"ಇಳಿ ಅಣ್ಣಾ! ನಿನ್ನ ಮಣ್ಣಾ ಹೋಗತೈತಿ ಮೊದಲು!"

"ನನ್ನ ಮಣ್ಣಿನ ಚಿಂತಿ ನಿನಗ ಯಾಕ? ನಿನಗ ಬೇಕಾಗಿರೂದು ನೀರು. ನನಗೇನು ತಿಳಿಯಂಗಿಲ್ಲೇನು?"

ಹೊಡೆದುಬಿಡುತ್ತಿದ್ದೆ. ಅವ್ವ ಬಂದು ಹಾರೆಗೆ ಜೋತುಬಿದ್ದಳು. ನಾನು ಅವಳ ಕೈ ಬಿಡಿಸಿಕೊಳ್ಳುವಷ್ಟರಲ್ಲಿ ಅವನು ಕೆಳಗಿಳಿದು ಹೆಗಲ ಟವೆಲ್ ತೆಗೆದು ಆ ಸಂದಿಗೆ ತುರುಕಿದ. ಹಸಿರು ಅಂಚಿನ ಟವೆಲ್. ನಾನೇ ಗದ್ವಾಲ್ ಸಂತೆಯಿಂದ ತಂದುಕೊಟ್ಟದ್ದು.

ನನಗೆ ನೀರು ಬೇಕಾಗಿತ್ತು, ನಿಜ. ಆದರೆ ಅದೊಂದೇ ಅಲ್ಲ. ಅವನಿಗೆ ಹೇಗೆ ತಿಳಿಸುವುದು?

ಜೂನ್ 20

ನಿನ್ನೆ ಮಧ್ಯಾಹ್ನ. ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದೆ. ಮಳೆಯ ಸದ್ದಿನೊಳಗೆ ಇನ್ನೊಂದು ಸದ್ದು. ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ಓಡಿದೆ.

ಇವತ್ತು ಬರೆಯಲಾಗುವುದಿಲ್ಲ.

ಜೂನ್ 21

ಯಾರಿಗೂ ಏನೂ ಆಗಿಲ್ಲ. ಎಲ್ಲರೂ ಬಂದು ಅದನ್ನೇ ಹೇಳುತ್ತಾರೆ, ಹೇಳಿ ಹೋಗುತ್ತಾರೆ.

ಒಡ್ಡಿನ ನಡುಭಾಗ ಇಲ್ಲ. ಮೇಲಿನ ಹೊಲದಲ್ಲಿ ಬಂಡೆ ಎದ್ದಿದೆ, ಬೆಳ್ಳಗೆ, ತೊಳೆದಿಟ್ಟ ಹಾಗೆ. ನನ್ನ ಹೊಲದಲ್ಲಿ ಒಂದು ಮೂಲೆ ಮಾತ್ರ ಉಳಿದಿದೆ. ಮೊಳಕೆ ಬಂದಿದ್ದ ಶೇಂಗಾ ಎಲ್ಲಿ ಹೋಯಿತೋ. ಒಂದಷ್ಟು ಮಣ್ಣು ದಡದ ಜಾಲಿ ಗಿಡಗಳಿಗೆ, ದೊಡ್ಡ ಕಲ್ಲುಗಳಿಗೆ ಸಿಕ್ಕು ಗುಡ್ಡೆಯಾಗಿ ನಿಂತಿದೆ. ಉಳಿದದ್ದು ಕೃಷ್ಣೆಯಲ್ಲಿ ಕೆಂಪಗೆ ಹೋಗುತ್ತಲೇ ಇತ್ತು, ನಾನು ನೋಡುತ್ತಲೇ ಇದ್ದೆ.

ಜಾಲಿಯ ಮುಳ್ಳಿನಲ್ಲಿ ಆ ಟವೆಲ್ ಸಿಕ್ಕಿಕೊಂಡಿತ್ತು. ಬಿಡಿಸಿ ತಂದು ಅವನ ಬಾಗಿಲ ಮುಂದೆ ಎಸೆದೆ. ಒಳಗಿದ್ದ. ಹೊರಗೆ ಬರಲಿಲ್ಲ.

ಜೂನ್ 25. ಮಣ್ಣೆತ್ತಿನ ಅಮಾವಾಸ್ಯೆ

ಅಂಗನವಾಡಿ ಮಕ್ಕಳು ಎತ್ತು ಮಾಡಿದರು. ಪ್ರತಿ ವರ್ಷ ಹೊಳೆದಂಡೆಯ ಜಿಗುಟು ಮಣ್ಣಿನಲ್ಲಿ ಮಾಡುತ್ತಿದ್ದರು. ಈ ಸಲ ದಂಡೆಯ ತುಂಬ ನಮ್ಮ ಹೊಲ. ಅದನ್ನೇ ತಂದಿದ್ದಾರೆ. ಗರಸು ಮಣ್ಣು ನಿಲ್ಲುವುದಿಲ್ಲ, ಕೊಂಬು ಮುರಿದುಬಿತ್ತು. "ಟೀಚರ್, ಈ ಮಣ್ಣು ಚಲೋ ಇಲ್ರಿ" ಅಂತ ಒಂದು ಕೂಸು ಅಳತೊಡಗಿತು.

ಅದರ ಮೇಲೆ ರೇಗಿದೆ. ಆಮೇಲೆ ಎತ್ತಿಕೊಂಡೆ. ಕೂಸಿನ ಅಂಗೈಯೆಲ್ಲ ಕಾಗೆಬಂಗಾರ.

ಜೂನ್ 27

ಬೆಳಿಗ್ಗೆ ಸುತ್ತಿಗೆಯ ಸದ್ದು. ಅಣ್ಣ ಬಿದ್ದ ಕಲ್ಲುಗಳನ್ನು ಆರಿಸಿ, ಅಂಟಿದ ಸಿಮೆಂಟ್ ಒಡೆದು ತೆಗೆಯುತ್ತಿದ್ದಾನೆ. ಒಬ್ಬನೇ. ಅಪ್ಪನ ಹಾಗೆ ಕಲ್ಲು ತಿರುಗಿಸುತ್ತಾನೆ, ಕೂರಿಸುತ್ತಾನೆ, ಸಂದಿ ಬಿಡುತ್ತಾನೆ. ಅವ್ವ ಸಣ್ಣ ಕಲ್ಲು ಆರಿಸಿ ಕೊಡುತ್ತಿದ್ದಳು.

ಮಧ್ಯಾಹ್ನದ ಮೇಲೆ ನಾನೂ ಹೋದೆ. ಅವನಿಗಾಗಿ ಅಲ್ಲ. ಒಡ್ಡು ನನ್ನದೂ ಹೌದು. ಕಲ್ಲು ಕೊಟ್ಟೆ, ಇಸಕೊಂಡ. ಒಂದು ಕಲ್ಲು ತಪ್ಪು ಕೂರಿಸಿದ. ಕಿತ್ತು ಸರಿಯಾಗಿ ಇಟ್ಟೆ. ಅವನು ಮುಂದಿನ ಕಲ್ಲಿಗೆ ಕೈ ಚಾಚಿದ.

ಜೂನ್ 29, ಭಾನುವಾರ. ಬಿಸಿಲು ಏರಿದ ಮೇಲೆ

ಒಡ್ಡು ಸೊಂಟದವರೆಗೆ ಎದ್ದಿದೆ. ಇವತ್ತು ಮಣ್ಣು.

ನಾನು ದಡದ ಜಾಲಿ ಬುಡದಲ್ಲಿ ಕೆರೆದು ಗುಡ್ಡೆ ಹಾಕುತ್ತಿದ್ದೆ. ಅಣ್ಣ ಮೊದಲ ಬುಟ್ಟಿ ತುಂಬಿಕೊಂಡ. ಏರು ಹತ್ತಿ ಹೋದವನು ನನ್ನ ಹೊಲದಲ್ಲಿ ನಿಂತ. ಅಲ್ಲೇ, ನನ್ನ ಬಂಡೆಯ ಮೇಲೆ ಸುರಿದುಬಿಟ್ಟ!

ಅದುಮಿಟ್ಟದ್ದೆಲ್ಲ ಒಮ್ಮೆಲೇ ಬಂತು. "ಏ ಅಣ್ಣಾ! ಕಣ್ಣು ಕಾಣಂಗಿಲ್ಲೇನು? ಮ್ಯಾಲೆ ಹಾಕು! ಮೊದಲ ಬುಟ್ಟಿ ಮ್ಯಾಲಿನ ಹೊಲಕ್ಕ!"

"ಮ್ಯಾಲೆ ಹಾಕಾಕ ನನಗ ಮಾರಿ ಇಲ್ಲ ಮಲ್ಲೇಶಿ." ಖಾಲಿ ಬುಟ್ಟಿ ಹಿಡಿದು ನಿಂತಿದ್ದ. "ಎಲ್ಲಾ ನಿನ್ನ ಹೊಲಕ್ಕ ಹಾಕತೀನಿ. ನನ್ನದು ಹಂಗಾ ಇರಲಿ."

ಹಂಗಾ ಇರಲಿಯಂತೆ! ಮೇಲೆ ಮಣ್ಣು ನಿಲ್ಲದೆ ಕೆಳಗೆ ಹೇಗೆ ನಿಲ್ಲುತ್ತದೆ? ತಪ್ಪು ಮಾಡಿದಾಗಲೂ ಇದೇ ತಲೆ, ತಪ್ಪಾಯ್ತು ಅನ್ನುವಾಗಲೂ ಇದೇ ತಲೆ. ಇವನಿಗೆ ಹೇಳಿ ಪ್ರಯೋಜನವಿಲ್ಲ. ಸಿಂಬಿ ಇಟ್ಟುಕೊಂಡೆ. ಬುಟ್ಟಿ ತುಂಬಿದೆ. ತಲೆಗೆ ಎತ್ತಿಕೊಡುವವರಿಲ್ಲ. ಅವನೇ ಓಡಿ ಬಂದು ಎತ್ತಿಟ್ಟ. ಅವನ ಕಣ್ಣು ನೋಡಲಿಲ್ಲ ನಾನು. ಹತ್ತಿದೆ. ನನ್ನ ಹೊಲ ದಾಟಿದೆ, ಒಡ್ಡು ಹತ್ತಿದೆ, ಅವನ ಬಂಡೆಯ ಮೇಲೆ ಸುರಿದೆ.

ಒಡ್ಡಿನ ಹತ್ತಿರ ಅವ್ವ ಕೂತಿದ್ದಳು. ಅಂದು ನಾನು ಕೂಗಿದ್ದು ಅವಳಿಗೆ ನೆನಪಿದೆ, ಮುಖ ನೋಡಿದರೆ ಗೊತ್ತಾಗುತ್ತದೆ.

"ಹಂಗಾರ ಇವತ್ತಿನಿಂದ ನೀ ಯಾರ ಮಗಳವ್ವಾ?" ಅಂದಳು.

ನಗು ಬಂತು. ಅದಕ್ಕೂ ಸಿಟ್ಟು ಬಂತು.

ಸಿಟ್ಟು ಹೋಗಿಲ್ಲ. ಹೋಗಬೇಕಂತ ಯಾರು ಹೇಳಿದ್ದು? ಮಣ್ಣು ತುಂಬುವವರೆಗೂ ಇರಲಿ, ಅದು ಹೇಗೂ ನನ್ನ ಕಾಲದಲ್ಲಿ ತುಂಬುವುದಿಲ್ಲ. ಅಣ್ಣ ಕೆಳಗಿನಿಂದ ಕರೆಯುತ್ತಿದ್ದಾನೆ, ಬುಟ್ಟಿ ತುಂಬಿದೆಯಂತೆ. ಬಂದೆ, ತಡಿಯಪ್ಪಾ. ಇನ್ನೂ ಬೈಯುವುದು ಎಷ್ಟೋ—